ಟೆಟ್ರಿಸ್ ಎಫೆಕ್ಟ್: ಕಿವಿ ಹಾಡಿನ ಕಡೆ, ಕಣ್ಣು ರಾಶಿಯ ಕಡೆ

ಟೆಟ್ರಿಸ್ ಎಫೆಕ್ಟ್ ಎಂಬುದು ಹಳೆಯ ಟೆಟ್ರಿಸ್ ಆಟವನ್ನೇ ಸಂಗೀತ, ಬೆಳಕು ಮತ್ತು ಕಂಪನದ ಜೊತೆ ಹೊಸದಾಗಿ ಹೆಣೆದ ವಿಡಿಯೋ ಗೇಮ್. 2018ರ ನವೆಂಬರ್ 9ರಂದು ಪ್ಲೇಸ್ಟೇಷನ್ 4ಕ್ಕೆ ಬಂದ ಈ ಆಟ ಈಗ ಪಿಸಿ, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 5 ಎಲ್ಲದರಲ್ಲೂ ಸಿಗುತ್ತದೆ. ಮೂಲ ನಿಯಮ ಬದಲಾಗಿಲ್ಲ. ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ, ಸರಿಸಿ, ಅಡ್ಡ ಸಾಲು ತುಂಬಿಸಿದರೆ ಆ ಸಾಲು ಮಾಯವಾಗುತ್ತದೆ. ರಾಶಿ ಮೇಲಿನ ಅಂಚು ಮುಟ್ಟಿದರೆ ಆಟ ಮುಗಿಯಿತು.

ಹೊಸಬರ ತೊಂದರೆ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲ ಕೆಲವು ಹಂತಗಳು ಹಾಡು ಕೇಳುತ್ತಾ, ಚಿತ್ರ ನೋಡುತ್ತಾ ಆರಾಮವಾಗಿ ಮುಗಿಯುತ್ತವೆ. ಆಮೇಲೆ ಒಂದು ಹಂತದ ನಡುವೆ ಹಾಡು ಏಕಾಏಕಿ ಏರುತ್ತದೆ, ತುಂಡುಗಳು ಸುರಿಯತೊಡಗುತ್ತವೆ, ನೋಡನೋಡುತ್ತಿದ್ದಂತೆ ರಾಶಿ ಮೇಲಕ್ಕೆ ಮುಟ್ಟಿರುತ್ತದೆ. ಬೆರಳು ನಿಧಾನವಾಯಿತು ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಬೇರೆ. ಈ ಆಟದಲ್ಲಿ ಸಂಗೀತ ಮಾಡುವ ಕೆಲಸವೇನು ಎಂಬುದು ಅವರಿಗೆ ಸ್ಪಷ್ಟವಾಗಿರುವುದಿಲ್ಲ. ಜೊತೆಗೆ ಹಳೆಯ ಟೆಟ್ರಿಸ್‌ನಲ್ಲಿ ಬೆಳೆದ ಅಭ್ಯಾಸಗಳು ಬಿಟ್ಟುಹೋಗಿರುವುದಿಲ್ಲ.

ಹಿನ್ನೆಲೆ, ಚುಟುಕಾಗಿ

ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ. ರಚಿಸಿದವರು ಅಲೆಕ್ಸಿ ಪಾಜಿತ್ನೊವ್. ಅವರು ಬಳಸಿದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಮೂಡಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಮೊದಲ ಟೆಟ್ರಿಸ್‌ನ ತುಂಡುಗಳು ಬರೀ ಆವರಣ ಚಿಹ್ನೆಗಳಿಂದ ಮಾಡಿದವು, ಸಂಗೀತವಂತೂ ಇಲ್ಲವೇ ಇಲ್ಲ. 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್‌ಗೆ ಬಂದಾಗ ಸೇರಿಸಿದ ಕೊರೊಬೆಯ್ನಿಕಿ ಎಂಬ ರಷ್ಯನ್ ಜಾನಪದ ಹಾಡಿನ ಧಾಟಿ ಮುಂದೆ ಟೆಟ್ರಿಸ್‌ನ ಗುರುತೇ ಆಗಿಹೋಯಿತು. ಆದರೆ ಅಲ್ಲಿಯೂ ಹಾಡು ಹಿನ್ನೆಲೆಯಲ್ಲಿತ್ತು, ಆಟ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಎರಡನ್ನೂ ಬೆಸೆದವರು ಜಪಾನಿನ ತೆತ್ಸುಯಾ ಮಿಜುಗುಚಿ. ಆಟಗಾರ ಮಾಡುವ ಪ್ರತಿ ಕ್ರಿಯೆಯೂ ಸಂಗೀತದ ಭಾಗವಾಗಬೇಕೆಂಬ ಹಟ ಅವರದು. 2001ರ ರೆಜ್, 2004ರ ಲ್ಯುಮಿನೆಸ್ ಆಟಗಳಲ್ಲಿ ಅದನ್ನು ಮಾಡಿ ತೋರಿಸಿದ್ದರು. ಟೆಟ್ರಿಸ್ ಎಫೆಕ್ಟ್ ಅವರ ಎನ್‌ಹ್ಯಾನ್ಸ್ ಸಂಸ್ಥೆಯಿಂದ ಹೊರಬಂತು. ನಿರ್ದೇಶನ ತಕಾಶಿ ಇಶಿಹಾರಾ ಅವರದು, ಸಂಗೀತ ಹೈಡೆಲಿಕ್ ತಂಡದ್ದು. ಗಂಟೆಗಟ್ಟಲೆ ಟೆಟ್ರಿಸ್ ಆಡಿದವರಿಗೆ ಕಣ್ಣು ಮುಚ್ಚಿದರೂ ತುಂಡುಗಳು ಬೀಳುವುದು ಕಾಣುತ್ತದೆಯಲ್ಲ, ಆ ಅನುಭವಕ್ಕೆ ಇರುವ ಹೆಸರೇ ಟೆಟ್ರಿಸ್ ಎಫೆಕ್ಟ್. ಹಾರ್ವರ್ಡ್‌ನ ನಿದ್ರಾ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ 2000ದಲ್ಲಿ ಇದರ ಮೇಲೆ ಅಧ್ಯಯನ ಪ್ರಕಟಿಸಿದರು. ಆಟ ಆಡಿದ್ದೇ ನೆನಪಿಲ್ಲದ ಮರೆವಿನ ರೋಗಿಗಳಲ್ಲೂ ಕೆಲವರಿಗೆ ನಿದ್ದೆ ಹತ್ತುವಾಗ ತುಂಡುಗಳು ಕಂಡಿದ್ದವು ಎಂಬುದು ಅದರ ವಿಸ್ಮಯದ ಅಂಶ.

ಸಂಗೀತ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಇದನ್ನು ತಾಳದ ಆಟ ಎಂದು ತಿಳಿದು ಆಡಲು ಕೂರುವವರು ಬಹಳ. ತಾಳದ ಆಟದಲ್ಲಿ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಅಂಕ, ತಪ್ಪಿದರೆ ನಷ್ಟ. ಟೆಟ್ರಿಸ್ ಎಫೆಕ್ಟ್‌ನಲ್ಲಿ ಹಾಗಿಲ್ಲ. ತಾಳಕ್ಕೆ ಸರಿಯಾಗಿ ತುಂಡು ಇಳಿಸಿದರೆ ಒಂದು ಅಂಕವೂ ಹೆಚ್ಚು ಬರುವುದಿಲ್ಲ, ತಾಳ ತಪ್ಪಿದರೆ ಒಂದು ಅಂಕವೂ ಹೋಗುವುದಿಲ್ಲ. ಆಟಗಾರ ಯಾವಾಗ ಬೇಕಾದರೂ ತುಂಡು ತಿರುಗಿಸಲಿ, ಅದರಿಂದ ಹುಟ್ಟುವ ಸ್ವರವನ್ನು ಹಾಡಿನ ಲಯಕ್ಕೆ ಹೊಂದಿಸಿ ಕೇಳಿಸುವ ಹೊಣೆ ಆಟದ್ದು. ಕೈ ಹೇಗೆ ಓಡಿದರೂ ನುಡಿಸಿದ ಹಾಗೆ ಕೇಳಿಸುತ್ತದೆ. ಇದೇ ಈ ಆಟದ ಮೋಡಿ, ಇದೇ ಬಲೆ ಕೂಡ. ಕೆಟ್ಟದಾಗಿ ಜೋಡಿಸುತ್ತಿರುವಾಗಲೂ ಎಲ್ಲವೂ ಸುಶ್ರಾವ್ಯವಾಗಿ ನಡೆಯುತ್ತಿದೆ ಎಂಬ ಭಾವನೆ ಬರುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಜರ್ನಿ ಎಂಬ ಮುಖ್ಯ ಭಾಗದಲ್ಲಿ ಹಾಡು ಗಡಿಯಾರದ ಪ್ರಕಾರ ಸಾಗುವುದಿಲ್ಲ. ಆಟಗಾರ ಅಳಿಸಿದ ಸಾಲುಗಳ ಲೆಕ್ಕದ ಪ್ರಕಾರ ಸಾಗುತ್ತದೆ. ಮೊದಲ ಹಂತ ‘ದಿ ಡೀಪ್’ ಅನ್ನೇ ನೋಡಬಹುದು. ಸಮುದ್ರದಾಳದ ಕತ್ತಲು, ಹಿನ್ನೆಲೆಯಲ್ಲಿ ತೀರ ಕಡಿಮೆ ಸದ್ದು, ತುಂಡು ಸರಿಸಿದಾಗ ಮಾತ್ರ ಮೆಲುವಾದ ಸ್ವರ. ಕೆಲವು ಸಾಲು ಅಳಿಸಿದ ಮೇಲೆ ಹಾಡುವ ದನಿ ಸೇರಿಕೊಳ್ಳುತ್ತದೆ, ಇನ್ನಷ್ಟು ಅಳಿಸಿದರೆ ತಾಳವಾದ್ಯ ಬರುತ್ತದೆ, ಬೆಳಕಿನ ಜಲಚರಗಳು ತೇಲಿಬರುತ್ತವೆ. ಆಟಗಾರ ಸುಮ್ಮನೆ ತುಂಡು ಪೇರಿಸುತ್ತಾ ಸಾಲು ಅಳಿಸದೆ ಇದ್ದರೆ ಹಾಡು ಅದೇ ಜಾಗದಲ್ಲಿ ಸುತ್ತುತ್ತಿರುತ್ತದೆ.

ವೇಗವೂ ಹಾಡಿನ ಭಾಗಗಳಿಗೇ ಕಟ್ಟಿದ್ದು. ಹಳೆಯ ಟೆಟ್ರಿಸ್‌ನಲ್ಲಿ ವೇಗ ಮೆಟ್ಟಿಲು ಹತ್ತಿದಂತೆ ಏರುತ್ತಲೇ ಹೋಗುತ್ತದೆ. ಇಲ್ಲಿ ಏರಿ ಇಳಿಯುತ್ತದೆ. ಹಾಡು ಮೆದುವಾದಾಗ ತುಂಡು ನಿಧಾನ, ಭೋರ್ಗರೆದಾಗ ತುಂಡಿನ ಸುರಿಮಳೆ, ಮತ್ತೆ ಮೆದು. ರಾತ್ರಿಯ ನಗರದ ದೀಪಗಳ ನಡುವೆ ನಡೆಯುವ ‘ಡೌನ್‌ಟೌನ್ ಜಾಝ್’ ಹಂತದಲ್ಲಿ ಸೋಮಾರಿ ನಡಿಗೆಯ ಜಾಝ್ ಕೇಳುತ್ತಾ ಮೈಮರೆತವರು ಅದು ಓಟಕ್ಕೆ ಬಿದ್ದಾಗ ಸೋಲುವುದು ಸಾಮಾನ್ಯ. ‘ಡೆಸರ್ಟೆಡ್’ನಲ್ಲಿ ಮರಳುಗಾಡಿನ ಒಂಟೆಗಳ ಸಾಲು ಮಾಯವಾಗಿ ಚಂದ್ರನ ನೆಲ ಕಾಣಿಸಿಕೊಳ್ಳುತ್ತದೆ. ಮೊದಲ ಸಲ ನೋಡುವವರ ಕಣ್ಣು ಅತ್ತ ಹೋಗದೆ ಇರುವುದಿಲ್ಲ, ತುಂಡು ಮಾತ್ರ ಯಾರಿಗೂ ಕಾಯುವುದಿಲ್ಲ.

ಇದರಿಂದ ಸಿಗುವ ಪಾಠ ಸರಳ. ವೇಗ ಬದಲಾಗುವ ಗಳಿಗೆಯನ್ನು ತರುವವನು ಆಟಗಾರನೇ. ರಾಶಿ ಎತ್ತರವಾಗಿದ್ದಾಗ ಆ ಗಳಿಗೆ ಬರದಂತೆ ನೋಡಿಕೊಳ್ಳುವುದು ಅವನ ಕೈಯಲ್ಲೇ ಇದೆ. ಸಾಲುಗಳ ಲೆಕ್ಕ ಪರದೆಯ ಮೇಲೆಯೇ ಇರುತ್ತದೆ. ಒಂದು ಹಂತದಲ್ಲಿ ಎರಡು ಸಲ ಸೋತವರು ಎಷ್ಟನೆಯ ಸಾಲಿನ ಹೊತ್ತಿಗೆ ವೇಗ ಏರುತ್ತದೆ ಎಂದು ಗಮನಿಸಿಟ್ಟುಕೊಂಡು, ಮೂರನೆಯ ಸಲ ಅದಕ್ಕೆ ಮೊದಲೇ ರಾಶಿಯನ್ನು ತಗ್ಗಿಸಿಕೊಳ್ಳಬೇಕು. ಮೆದುವಾದ ಭಾಗ ಇರುವುದು ವಿಶ್ರಾಂತಿಗೆ ಅಲ್ಲ, ಹೊಲಸಾದ ರಾಶಿಯನ್ನು ಚೊಕ್ಕ ಮಾಡಿಕೊಳ್ಳುವುದಕ್ಕೆ.

ಬ್ರಿಕ್ ಗೇಮ್ ಕಲಿಸಿದ್ದನ್ನು ಮರೆಯುವುದು

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಟೆಟ್ರಿಸ್ ಪರಿಚಯವಾದದ್ದು ಟೆಟ್ರಿಸ್ ಎಂಬ ಹೆಸರಿನಿಂದಲೇ ಅಲ್ಲ. ಜಾತ್ರೆಯ ಅಂಗಡಿ, ಫ್ಯಾನ್ಸಿ ಸ್ಟೋರ್‌ಗಳಲ್ಲಿ ಸಿಗುತ್ತಿದ್ದ, ಮೈಮೇಲೆ 9999 ಆಟ ಎಂದು ಅಚ್ಚಾಗಿರುತ್ತಿದ್ದ, ಎರಡು ಪೆನ್ಸಿಲ್ ಸೆಲ್ ಹಾಕಿ ಆಡುವ ಬ್ರಿಕ್ ಗೇಮ್‌ನಿಂದ. ಅದರಲ್ಲಿ ಪಳಗಿದವರ ಕೈ ಚುರುಕಾಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಇಲ್ಲದ ನಾಲ್ಕು ಸೌಲಭ್ಯ ಇಲ್ಲಿವೆ, ಇವನ್ನು ಬಳಸದೆ ಜರ್ನಿ ಮುಗಿಸುವುದು ಕಷ್ಟ.

ಮೊದಲನೆಯದು ಹೋಲ್ಡ್. ಈಗ ಬೇಡವಾದ ತುಂಡನ್ನು ಬದಿಗೆ ಇಟ್ಟು, ಬೇಕಾದಾಗ ಹಿಂದೆ ಪಡೆಯಬಹುದು. ಎರಡನೆಯದು ನೆರಳು, ತುಂಡು ಈಗ ಇಳಿದರೆ ಎಲ್ಲಿ ಕೂರುತ್ತದೆ ಎಂಬುದರ ರೇಖೆ ಕೆಳಗೆ ಕಾಣುತ್ತದೆ. ಮೂರನೆಯದು ಮುಂದಿನ ಹಲವು ತುಂಡುಗಳನ್ನು ತೋರಿಸುವ ನೆಕ್ಸ್ಟ್ ಪಟ್ಟಿ. ನಾಲ್ಕನೆಯದು ಕಣ್ಣಿಗೆ ಕಾಣದ್ದು. ತುಂಡು ರಾಶಿಗೆ ತಗುಲಿದ ಕೂಡಲೇ ಅಂಟಿಕೊಳ್ಳುವುದಿಲ್ಲ, ಸುಮಾರು ಅರ್ಧ ಸೆಕೆಂಡ್ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಸರಿಸಿದರೆ, ತಿರುಗಿಸಿದರೆ ಬಿಡುವು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೀಗೆ ಎಳೆಯುವುದಕ್ಕೂ ಒಂದು ಮಿತಿ ಇದೆ, ಆದರೆ ತೀರ ವೇಗದ ಹಂತಗಳನ್ನು ದಾಟುವುದು ಇದರ ಬಲದಿಂದಲೇ.

ತುಂಡುಗಳು ಬರುವ ಕ್ರಮದಲ್ಲೂ ವ್ಯತ್ಯಾಸವಿದೆ. ಇಂದಿನ ಅಧಿಕೃತ ಟೆಟ್ರಿಸ್‌ಗಳಲ್ಲಿ ಏಳು ತುಂಡುಗಳನ್ನು ಒಂದು ಚೀಲಕ್ಕೆ ಹಾಕಿ, ಕಲೆಸಿ, ಒಂದೊಂದಾಗಿ ತೆಗೆದ ಹಾಗೆ ಕೊಡಲಾಗುತ್ತದೆ. ಚೀಲ ಖಾಲಿಯಾದ ಮೇಲೆ ಮತ್ತೆ ಏಳು. ಹೀಗಾಗಿ ಒಂದು ಉದ್ದನೆಯ ಕೋಲು ಬಂದ ಮೇಲೆ ಇನ್ನೊಂದು ಬರುವುದರೊಳಗೆ ಹೆಚ್ಚೆಂದರೆ 12 ಬೇರೆ ತುಂಡುಗಳು ಬರಬಹುದು, ಅದಕ್ಕಿಂತ ಹೆಚ್ಚಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಕೋಲಿಗೆ ಕಾದು ಕಾದು ಸೋತ ನೆನಪು ಇಲ್ಲಿ ಹೆದರಿಸಬಾರದು. ಬರುವುದು ಖಚಿತ. ಅಲ್ಲಿಯವರೆಗೆ ರಾಶಿಯನ್ನು ಚೊಕ್ಕವಾಗಿ ಇಟ್ಟುಕೊಂಡರೆ ಆಯಿತು.

ರಾಶಿ ಕಟ್ಟುವ ಕ್ರಮ

ಆಟದ ಚೌಕಟ್ಟು 10 ಮನೆ ಅಗಲ, 20 ಮನೆ ಎತ್ತರ. ಪ್ರತಿ ತುಂಡೂ ನಾಲ್ಕು ಮನೆ ತುಂಬುತ್ತದೆ. ಆಕಾರ ಹೋಲುವ ಇಂಗ್ಲಿಷ್ ಅಕ್ಷರಗಳಿಂದಲೇ ಆಟಗಾರರು ಇವನ್ನು ಕರೆಯುತ್ತಾರೆ: ಉದ್ದ ಕೋಲು ಐ, ಚೌಕ ಓ, ಉಳಿದವು ಟಿ, ಜೆ, ಎಲ್, ಎಸ್, ಝೆಡ್.

ಒಂದು ಸಾಲು ಅಳಿಸಿದರೆ 100 ಅಂಕ, ಎರಡಕ್ಕೆ 300, ಮೂರಕ್ಕೆ 500, ನಾಲ್ಕನ್ನೂ ಒಮ್ಮೆಗೇ ಅಳಿಸಿದರೆ 800. ಲೆವೆಲ್ ಏರಿದಂತೆ ಇದು ಗುಣಿಸಿಕೊಳ್ಳುತ್ತದೆ ಎಂಬುದು ಇಂದಿನ ಟೆಟ್ರಿಸ್‌ಗಳ ಸಾಮಾನ್ಯ ಲೆಕ್ಕ. ಒಂದೊಂದೇ ಸಾಲಾಗಿ ನಾಲ್ಕು ಸಲ ಅಳಿಸಿದರೆ ಸಿಗುವುದು 400. ಅದಕ್ಕೇ ಅನುಭವಿಗಳು ಒಂದು ಬದಿಯ ಕೊನೆಯ ಕಂಬವನ್ನು ಖಾಲಿ ಬಿಟ್ಟು, ಉಳಿದ ಒಂಬತ್ತನ್ನು ತುಂಬುತ್ತಾ ಹೋಗಿ, ಐ ಬಂದಾಗ ಆ ಕಿಂಡಿಗೆ ಇಳಿಸುತ್ತಾರೆ.

1. ಕಿಂಡಿ ಒಂದೇ ಇರಲಿ, ಬದಿಯಲ್ಲೇ ಇರಲಿ. ಒಂದು ಮನೆ ಅಗಲದ ಗುಂಡಿ ಮೂರು ಮನೆ ಆಳವಾದರೆ ಅದನ್ನು ಚೊಕ್ಕವಾಗಿ ತುಂಬಲು ಐ ಬಿಟ್ಟು ಬೇರೆ ತುಂಡಿಲ್ಲ. ಎರಡು ಮನೆ ಆಳಕ್ಕೆ ಜೆ ಅಥವಾ ಎಲ್ ಸಾಕು, ಒಂದು ಮನೆ ಆಳಕ್ಕೆ ಟಿ ಆಗುತ್ತದೆ. ಎರಡನೆಯ ಆಳದ ಗುಂಡಿ ಬಿಟ್ಟವರು ಎರಡು ಐಗಳಿಗೆ ಸಾಲಗಾರರಾದಂತೆ.

2. ಮೇಲ್ಮೈ ಪೂರ್ತಿ ಸಪಾಟಾಗಿರುವುದೂ ಒಳ್ಳೆಯದಲ್ಲ. ಎಸ್, ಝೆಡ್ ಎರಡಕ್ಕೂ ಕೂರಲು ಒಂದು ಮನೆಯ ಮೆಟ್ಟಿಲು ಬೇಕು. ಓಗೆ ಎರಡು ಮನೆ ಅಗಲದ ಸಮತಟ್ಟು ಬೇಕು. ಎಡಕ್ಕೊಂದು ಮೆಟ್ಟಿಲು, ಬಲಕ್ಕೊಂದು ಮೆಟ್ಟಿಲು, ನಡುವೆ ಸ್ವಲ್ಪ ಸಮತಟ್ಟು ಇದ್ದರೆ ಯಾವ ತುಂಡು ಬಂದರೂ ಜಾಗ ಸಿಗುತ್ತದೆ.

3. ಕಣ್ಣು ಬೀಳುತ್ತಿರುವ ತುಂಡಿನ ಮೇಲೆ ಇರಬಾರದು. ಅದನ್ನು ಎಲ್ಲಿಡಬೇಕು ಎಂಬುದು ಅದು ನೆಕ್ಸ್ಟ್ ಪಟ್ಟಿಯಲ್ಲಿದ್ದಾಗಲೇ ತೀರ್ಮಾನವಾಗಿರಬೇಕು. ತುಂಡು ಬಂದಾಗ ಕೈ ಕೆಲಸ ಮಾಡುತ್ತದೆ, ಕಣ್ಣು ಮುಂದಿನದನ್ನು ನೋಡುತ್ತದೆ. ಮೊದಲು ಒಂದೇ ತುಂಡು ಮುಂದೆ ನೋಡುವ ಅಭ್ಯಾಸವಾದರೆ ಸಾಕು, ಎರಡು ಮೂರು ತಾನಾಗಿ ಬರುತ್ತದೆ. ಈ ಒಂದು ಅಭ್ಯಾಸದಿಂದ ಆಗುವಷ್ಟು ಸುಧಾರಣೆ ಬೇರೆ ಯಾವುದರಿಂದಲೂ ಆಗುವುದಿಲ್ಲ.

4. ಎರಡೂ ತಿರುಗಿಸುವ ಗುಂಡಿಗಳನ್ನು ಬಳಸಬೇಕು. ಎಡಕ್ಕೆ ಒಂದು ಸಲ ತಿರುಗಿಸಿದರೆ ಆಗುವುದನ್ನು ಬಲಕ್ಕೆ ಮೂರು ಸಲ ತಿರುಗಿಸಿ ಮಾಡುವವರು ವೇಗ ಏರಿದಾಗ ಹಿಂದೆ ಬೀಳುತ್ತಾರೆ.

5. ಆಕಾರ ನೋಡಿ ಗುರುತಿಸುವುದನ್ನು ರೂಢಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ತುಂಡಿನ ವಸ್ತು, ಹೊಳಪು, ಬೆಳಕು ಬದಲಾಗುವುದರಿಂದ ಬಣ್ಣವನ್ನೇ ನಂಬಿದವರಿಗೆ ಗೊಂದಲ.

ತೂತು ಬಿದ್ದರೆ ಏನು ಮಾಡಬೇಕು? ಅದರ ಮೇಲೆ ಇನ್ನಷ್ಟು ತುಂಡು ಹೇರಬಾರದು. ತೂತನ್ನು ಮುಚ್ಚಿರುವ ಸಾಲನ್ನೇ ಮೊದಲು ಅಳಿಸಬೇಕು, ಆಗ ತೂತು ಮತ್ತೆ ಬಾಯಿ ಬಿಡುತ್ತದೆ. ನಾಲ್ಕು ಸಾಲಿನ ಆಸೆಯನ್ನು ಆ ಹೊತ್ತಿಗೆ ಕೈಬಿಡುವುದೇ ಜಾಣತನ. ಟಿ ತುಂಡನ್ನು ಸಂದಿಯೊಳಗೆ ತಿರುಗಿಸಿ ಸೇರಿಸುವ ಟಿ-ಸ್ಪಿನ್ ಎಂಬ ಕಸರತ್ತಿನ ಬಗ್ಗೆ ಬಹಳ ಕೇಳಿಬರುತ್ತದೆ. ಅಂಕ ಹೆಚ್ಚು ತರುತ್ತದೆ ನಿಜ, ಆದರೆ ಜರ್ನಿ ಮುಗಿಸಲು ಅದು ಬೇಕೇ ಬೇಕು ಎಂದೇನಿಲ್ಲ.

ಝೋನ್: ಕೂಡಿಟ್ಟು ಖರ್ಚು ಮಾಡುವ ಕಾಲ

ಈ ಆಟ ಟೆಟ್ರಿಸ್‌ಗೆ ಸೇರಿಸಿದ ನಿಜವಾದ ಹೊಸ ನಿಯಮವೆಂದರೆ ಝೋನ್. ಸಾಲು ಅಳಿಸುತ್ತಾ ಹೋದಂತೆ ಚೌಕಟ್ಟಿನ ಪಕ್ಕದಲ್ಲಿ ಒಂದು ವೃತ್ತ ತುಂಬುತ್ತದೆ. 8 ಸಾಲಿಗೆ ಕಾಲು ಭಾಗ, 32 ಸಾಲಿಗೆ ಪೂರ್ತಿ. ಟ್ರಿಗರ್ ಒತ್ತಿದರೆ ಝೋನ್ ಶುರು. ತುಂಡುಗಳು ತಾವಾಗಿ ಬೀಳುವುದು ನಿಲ್ಲುತ್ತದೆ. ತುಂಬಿದ ಸಾಲುಗಳು ಮಾಯವಾಗದೆ ಚೌಕಟ್ಟಿನ ತಳಕ್ಕೆ ಹೋಗಿ ಒಂದರ ಮೇಲೊಂದು ಕೂರುತ್ತವೆ. ಸಮಯ ಮುಗಿದಾಗ ಅಷ್ಟೂ ಒಮ್ಮೆಗೇ ಅಳಿಸಿಹೋಗುತ್ತವೆ. ಹಳೆಯ ಟೆಟ್ರಿಸ್‌ನಲ್ಲಿ ಒಮ್ಮೆಗೆ ನಾಲ್ಕೇ ಸಾಲು. ಇಲ್ಲಿ 8 ಅಳಿಸಿದರೆ ಆಕ್ಟೋರಿಸ್, 12ಕ್ಕೆ ಡೋಡೆಕಾಟ್ರಿಸ್, 16ಕ್ಕೆ ಡೆಕಾಹೆಕ್ಸಾಟ್ರಿಸ್ ಎಂದು ಹೆಸರುಗಳು ಬೆಳೆಯುತ್ತಾ ಹೋಗುತ್ತವೆ.

ಪೂರ್ತಿ ತುಂಬಿದ ಝೋನ್ ಸುಮಾರು 20 ಸೆಕೆಂಡ್ ಇರುತ್ತದೆ. ಅದನ್ನು ಖಾಲಿ ಚೌಕಟ್ಟಿನಲ್ಲಿ ಬಳಸುವುದು ಏಕೆ ದಂಡ ಎಂಬುದನ್ನು ಲೆಕ್ಕವೇ ಹೇಳುತ್ತದೆ. 16 ಸಾಲು ಎಂದರೆ 160 ಮನೆ, ಅಂದರೆ 40 ತುಂಡು. 20 ಸೆಕೆಂಡಿನಲ್ಲಿ 40 ತುಂಡು ಇಳಿಸಲು ಸೆಕೆಂಡಿಗೆ ಎರಡರಂತೆ ಬೇಕು, ಅದೂ ಒಂದು ತಪ್ಪೂ ಇಲ್ಲದೆ. ಅದೇ ಮೊದಲೇ ಒಂಬತ್ತು ಕಂಬಗಳನ್ನು 10 ಮನೆ ಎತ್ತರಕ್ಕೆ ಚೊಕ್ಕವಾಗಿ ತುಂಬಿಟ್ಟಿದ್ದರೆ 90 ಮನೆ ಕೈಯಲ್ಲಿದ್ದ ಹಾಗೆ. ಉಳಿದ 70 ಮನೆಗೆ 18 ತುಂಡು ಸಾಕು. ಸೆಕೆಂಡಿಗೆ ಒಂದು ತುಂಡು ಇಡಬಲ್ಲವರು ಯಾರಾದರೂ ಇದನ್ನು ಮಾಡಬಹುದು.

ಹಾಗಾಗಿ ಝೋನ್‌ಗೆ ಮೊದಲು ಮೂರು ಸಂಗತಿ ನೋಡಿಕೊಳ್ಳಬೇಕು: ರಾಶಿ ಅರ್ಧ ಎತ್ತರದವರೆಗೆ ತೂತಿಲ್ಲದೆ ಇರಬೇಕು, ಬದಿಯ ಕಿಂಡಿ ತೆರೆದಿರಬೇಕು, ಹೋಲ್ಡ್‌ನಲ್ಲಿ ಐ ಕಾದಿರಬೇಕು. ಝೋನ್ ಒಳಗೆ ತುಂಡು ತಾನಾಗಿ ಬೀಳುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಹಾರ್ಡ್ ಡ್ರಾಪ್ ಮಾಡಿ, ಅಂದರೆ ಒಂದೇ ಒತ್ತಿಗೆ ನೇರ ಕೆಳಗಿಳಿಸಿ, ಕೂರಿಸಬೇಕು. ತುಂಬಿದ ಸಾಲುಗಳು ತಳದಲ್ಲೇ ಉಳಿಯುವುದರಿಂದ ಮೇಲಿನ ಜಾಗ ಕಿರಿದಾಗುತ್ತಾ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಝೋನ್ ನಡುವೆ ರಾಶಿ ಮೇಲಿನ ಅಂಚು ಮುಟ್ಟಿದರೆ ಆಟ ಮುಗಿಯುವುದಿಲ್ಲ, ಝೋನ್ ಮಾತ್ರ ಮುಗಿಯುತ್ತದೆ.

ಇದೇ ಗುಣದಿಂದ ಝೋನ್‌ಗೆ ಎರಡನೆಯ ಉಪಯೋಗ, ಪ್ರಾಣರಕ್ಷಣೆ. ವೇಗ ಏರಿ ರಾಶಿ ಕೈಮೀರುತ್ತಿರುವಾಗ ಕಾಲು ಭಾಗ ತುಂಬಿದ ಝೋನ್ ಸಿಕ್ಕರೂ ಉಸಿರಾಡಲು ಹೊತ್ತು ಸಿಗುತ್ತದೆ. ಜರ್ನಿಯನ್ನು ಮುಗಿಸುವುದಷ್ಟೇ ಗುರಿಯಾಗಿದ್ದವರು ಅಂಕದ ಆಸೆ ಬಿಟ್ಟು ಝೋನ್ ಅನ್ನು ಪೂರ್ತಿ ಇದಕ್ಕೇ ಮೀಸಲಿಡುವುದು ಒಳ್ಳೆಯದು. ಅಂಕಪಟ್ಟಿಯಲ್ಲಿ ಮೇಲೇರಬೇಕೆಂದಿರುವವರ ಲೆಕ್ಕ ಬೇರೆ.

ತೀರ ವೇಗವಾದಾಗ

ಕೊನೆಯ ಹಂತ ‘ಮೆಟಾಮಾರ್ಫೊಸಿಸ್’ ಮುಂತಾದ ಕಡೆ ತುಂಡು ಬೀಳುವುದೇ ಕಾಣುವುದಿಲ್ಲ, ಮೇಲೆ ಕಾಣಿಸಿಕೊಳ್ಳುವಷ್ಟರಲ್ಲಿ ರಾಶಿಯ ಮೇಲೆ ಕೂತಿರುತ್ತದೆ. ಅಲ್ಲಿಂದ ಅದನ್ನು ರಾಶಿಯ ಮೇಲೆಯೇ ಜಾರಿಸಿಕೊಂಡು ಹೋಗಬೇಕು. ಜಾರುವ ತುಂಡು ತಗ್ಗಿನ ಕಡೆ ಹೋಗಬಲ್ಲದು, ದಿಬ್ಬ ಹತ್ತಲಾರದು. ಆದ್ದರಿಂದ ಇಂಥ ವೇಗದಲ್ಲಿ ರಾಶಿಯ ನಡುಭಾಗ ತುಸು ಎತ್ತರ, ಎರಡೂ ಬದಿ ಇಳಿಜಾರು ಇರುವಂತೆ ಕಟ್ಟಬೇಕು. ನಡುವೆ ತಗ್ಗು ಬಿಟ್ಟವರ ತುಂಡುಗಳೆಲ್ಲ ಅಲ್ಲೇ ಸಿಕ್ಕಿಬೀಳುತ್ತವೆ, ಬದಿಗಳು ಖಾಲಿ ಉಳಿಯುತ್ತವೆ, ನಡುವಿನ ಗೋಪುರ ಅಂಚು ಮುಟ್ಟುತ್ತದೆ.

ದಿಕ್ಕಿನ ಗುಂಡಿಯನ್ನು ಒಂದೊಂದೇ ಸಲ ಕುಟ್ಟುವ ಬದಲು ಒತ್ತಿ ಹಿಡಿದರೆ ತುಂಡು ನೇರ ಗೋಡೆಗೆ ಹೋಗಿ ನಿಲ್ಲುತ್ತದೆ. ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಬರುವುದು ಎಣಿಸಿ ಸರಿಸುವುದಕ್ಕಿಂತ ಬೇಗ. ಈ ವೇಗದಲ್ಲಿ ನಾಲ್ಕು ಸಾಲಿಗೆ ಕಾಯಬಾರದು. ಒಂದು, ಎರಡು ಸಿಕ್ಕಷ್ಟು ಅಳಿಸುತ್ತಾ ರಾಶಿಯನ್ನು ಕೆಳಗೆ ಇಟ್ಟುಕೊಂಡವರೇ ಉಳಿಯುತ್ತಾರೆ.

ಯಾವ ವಿಭಾಗದಿಂದ ಶುರು ಮಾಡುವುದು

ಜರ್ನಿಯಲ್ಲಿ ಬಿಗಿನರ್, ನಾರ್ಮಲ್, ಎಕ್ಸ್‌ಪರ್ಟ್ ಎಂದು ಮೂರು ಮಟ್ಟಗಳಿವೆ. ಅದಕ್ಕೂ ಮೊದಲು ಎಫೆಕ್ಟ್ ಮೋಡ್ಸ್ ಎಂಬ ವಿಭಾಗದಲ್ಲಿರುವ ಚಿಲ್ ಮ್ಯಾರಥಾನ್ ಆಡಿ ನೋಡುವುದು ಲಾಭದಾಯಕ. 150 ಸಾಲಿನ ಓಟ ಅದು, ರಾಶಿ ಮೇಲೆ ಮುಟ್ಟಿದರೂ ಆಟ ಮುಗಿಯುವುದಿಲ್ಲ. ಒಂಬತ್ತು ಕಂಬ ಕಟ್ಟುವುದು, ನೆಕ್ಸ್ಟ್ ಪಟ್ಟಿ ನೋಡುವುದು, ಎರಡೂ ಗುಂಡಿಯಿಂದ ತಿರುಗಿಸುವುದು ಇವನ್ನೆಲ್ಲ ಸೋಲಿನ ಹೆದರಿಕೆ ಇಲ್ಲದೆ ಕೈಗೆ ಕೂರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕೈ ಕೂತ ಮೇಲೆ ಸ್ಪ್ರಿಂಟ್. 40 ಸಾಲನ್ನು ಎಷ್ಟು ಬೇಗ ಅಳಿಸಬಹುದು ಎಂಬ ಸ್ಪರ್ಧೆ ಇದು. 40 ಸಾಲಿಗೆ ಕನಿಷ್ಠ 100 ತುಂಡು ಬೇಕಾಗುವುದರಿಂದ ವೇಗ ಅಳೆಯುವುದು ಸುಲಭ. ಎರಡು ನಿಮಿಷದೊಳಗೆ ಮುಗಿಸುವವರಿಗೆ ನಾರ್ಮಲ್ ಜರ್ನಿಯ ಬಹುಪಾಲು ಹಂತಗಳು ಭಾರವಾಗುವುದಿಲ್ಲ. ಅಲ್ಟ್ರಾ ಮೂರು ನಿಮಿಷದಲ್ಲಿ ಎಷ್ಟು ಅಂಕ ಎಂಬ ಆಟ. ಪ್ಯೂರಿಫೈ, ಕೌಂಟ್‌ಡೌನ್, ಮಿಸ್ಟರಿ ಮುಂತಾದವು ಬದಲಾವಣೆಗೆ ಚೆನ್ನ. ಮಿಸ್ಟರಿಯಲ್ಲಿ ಚಿತ್ರವಿಚಿತ್ರ ಅಡ್ಡಿಗಳು ಬರುತ್ತವೆ, ಕಲಿಯುವ ಹೊತ್ತಿನಲ್ಲಿ ಅದರ ಸಹವಾಸ ಬೇಡ.

ಕನೆಕ್ಟೆಡ್ ಹೆಸರಿನ ಆವೃತ್ತಿಯಲ್ಲಿ ಮೂವರು ಒಟ್ಟಾಗಿ ಕಂಪ್ಯೂಟರ್ ಎದುರಾಳಿಯ ವಿರುದ್ಧ ಆಡುವ ವಿಭಾಗವಿದೆ. ಝೋನ್ ಬಂದಾಗ ಮೂವರ ಚೌಕಟ್ಟುಗಳೂ ಕೂಡಿಕೊಂಡು ಅಗಲವಾದ ಒಂದೇ ಚೌಕಟ್ಟಾಗುತ್ತದೆ. ಹಳೆಯ ಕಾಲದ ನಿಯಮಗಳೇ ಬೇಕೆನ್ನುವವರಿಗೆ ಕ್ಲಾಸಿಕ್ ಸ್ಕೋರ್ ಅಟ್ಯಾಕ್ ಇದೆ. ಹೋಲ್ಡ್ ಇಲ್ಲದ, ಕನಿಕರ ಇಲ್ಲದ ಟೆಟ್ರಿಸ್ ಅದು. ಬ್ರಿಕ್ ಗೇಮ್ ಕೈಗಳಿಗೆ ತವರುಮನೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆಚ್ಚು ಜನರನ್ನು ಕಾಡುವ ತಪ್ಪು ಬೆರಳಿನದು. ಕಂಟ್ರೋಲರ್‌ನ ದಿಕ್ಕಿನ ಗುಂಡಿಯಲ್ಲಿ ಮೇಲಕ್ಕೆ ಒತ್ತಿದರೆ ಹಾರ್ಡ್ ಡ್ರಾಪ್. ತುಂಡನ್ನು ಎಡಕ್ಕೆ ಸರಿಸುವ ಆತುರದಲ್ಲಿ ಹೆಬ್ಬೆರಳು ತುಸು ಮೇಲಕ್ಕೆ ಜಾರಿದರೆ ಸಾಕು, ತುಂಡು ನಡುದಾರಿಯಲ್ಲೇ ಧೊಪ್ಪನೆ ಕೆಳಗಿಳಿದು ಕೂತುಬಿಡುತ್ತದೆ. ಹೆಬ್ಬೆರಳನ್ನು ಗುಂಡಿಯ ನಡುವೆ ಇಟ್ಟು ಹೊರಳಿಸುವ ಬದಲು, ಎಡಕ್ಕೆ ಬೇಕಾದಾಗ ಎಡತುದಿಯನ್ನೇ ಒತ್ತಿ ಬಿಡುವ ರೂಢಿ ಮಾಡಿಕೊಂಡರೆ ಇದು ಬಹುಪಾಲು ನಿಲ್ಲುತ್ತದೆ. ಪಿಸಿಯಲ್ಲಿ ಆಡುವವರು ಕೀಬೋರ್ಡಿನಲ್ಲಿ ಹಾರ್ಡ್ ಡ್ರಾಪ್ ಅನ್ನು ದಿಕ್ಕಿನ ಕೀಗಳಿಂದ ದೂರ ಇಟ್ಟುಕೊಳ್ಳಬಹುದು.

ಎರಡನೆಯದು ಐ ಮೋಹ. ಕಿಂಡಿ ಕಾಯುತ್ತಾ ರಾಶಿಯನ್ನು 15, 16 ಮನೆ ಎತ್ತರಕ್ಕೆ ಒಯ್ದು, ಐ ಬಂದಾಗ ಅದನ್ನು ಬದಿಗೆ ಒಯ್ಯಲು ದಾರಿಯೇ ಇಲ್ಲದಂತೆ ಮಾಡಿಕೊಳ್ಳುವುದು. ಅರ್ಧ ಎತ್ತರ ದಾಟಿದ ಮೇಲೆ ಕಿಂಡಿಯನ್ನು ಜೆ ಅಥವಾ ಎಲ್‌ನಿಂದಲಾದರೂ ತುಂಬಿ ರಾಶಿ ಇಳಿಸಬೇಕು.

ತಾಳಕ್ಕೆ ಕಾಯುವುದು, ಹೋಲ್ಡ್ ಇರುವುದನ್ನೇ ಮರೆಯುವುದು, ಝೋನ್ ವೃತ್ತ ತುಂಬಿ ಎಷ್ಟೋ ಹೊತ್ತಾದರೂ ಮುಂದಕ್ಕೆ ಎಂದು ಕೂಡಿಟ್ಟೇ ಸೋಲುವುದು ಇವೂ ಇವೆ. ಒಂದೇ ಹಂತದಲ್ಲಿ ಮತ್ತೆ ಮತ್ತೆ ಸೋತಾಗ ಸಿಟ್ಟಿನಿಂದ ತಕ್ಷಣ ಮತ್ತೆ ಶುರು ಮಾಡುವುದರಿಂದ ಪ್ರಯೋಜನ ಕಡಿಮೆ. ಹಾಡಿನ ಸದ್ದನ್ನು ತುಸು ತಗ್ಗಿಸಿ ಅದೇ ಹಂತವನ್ನು ಒಮ್ಮೆ ಆಡಿ ನೋಡಿದರೆ ಸೋಲು ವೇಗದಿಂದಲೋ ಗಮನ ಚದುರಿದ್ದರಿಂದಲೋ ಎಂಬುದು ಗೊತ್ತಾಗುತ್ತದೆ. ಪೂರ್ತಿ ಮ್ಯೂಟ್ ಮಾಡಿ ಆಡುವುದಾದರೆ ಈ ಆಟವನ್ನೇ ಕೊಳ್ಳಬೇಕಾಗಿರಲಿಲ್ಲ, ಅದು ಬೇರೆ ಮಾತು.

ಎಚ್ಚರಿಕೆ

ಪ್ರತಿ ಸಾಲು ಅಳಿಸಿದಾಗಲೂ ಬೆಳಕು ಸಿಡಿಯುತ್ತದೆ, ಹಂತದ ಕೊನೆಗೆ ಪರದೆಯ ತುಂಬ ಮಿಂಚಿನ ಕಣಗಳು. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಈ ಆಟ ಆಡಬಾರದು. ಆಡುತ್ತಿರುವಾಗ ತಲೆಸುತ್ತು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ನಿಲ್ಲಿಸಬೇಕು.

ವಿಆರ್ ಹೆಡ್‌ಸೆಟ್ ಇದ್ದರೆ ಆಟ ಅದರಲ್ಲೂ ನಡೆಯುತ್ತದೆ, ಆದರೆ ಕಡ್ಡಾಯವಲ್ಲ. ಸಾದಾ ಟಿವಿಯಲ್ಲಿ ಒಂದು ಹಂತವೂ ತಪ್ಪಿಹೋಗುವುದಿಲ್ಲ. ವಿಆರ್ ಹೊಸತಾದವರು ಕೂತುಕೊಂಡೇ ಆಡಬೇಕು, ಮೊದಮೊದಲು ಒಂದೆರಡು ಹಂತಕ್ಕೆ ನಿಲ್ಲಿಸಬೇಕು. ಹೆಡ್‌ಫೋನ್ ಹಾಕುವವರು ಮೆದುವಾದ ಭಾಗ ಕೇಳಿಸಲಿಲ್ಲವೆಂದು ಸದ್ದು ಏರಿಸಿದರೆ ಹಾಡು ಏರಿದಾಗ ಕಿವಿಗೆ ಹೊಡೆತ. ಜೋರು ಭಾಗಕ್ಕೆ ಹೊಂದಿಸಿಕೊಂಡ ಸದ್ದನ್ನೇ ಉಳಿಸಿಕೊಳ್ಳಬೇಕು. ಮಲಗುವ ಮುನ್ನ ಹೆಚ್ಚು ಹೊತ್ತು ಆಡಿದವರಿಗೆ ಕಣ್ಣು ಮುಚ್ಚಿದಾಗ ತುಂಡುಗಳು ಬೀಳುವುದು ಕಾಣಬಹುದು. ಅದು ರೋಗವಲ್ಲ, ಆಟದ ಹೆಸರೇ ಅದು.

ಕೊಳ್ಳುವವರಿಗೆ ಒಂದು ಮಾತು. ಟೆಟ್ರಿಸ್ ಎಫೆಕ್ಟ್ ಮತ್ತು ಟೆಟ್ರಿಸ್ ಎಫೆಕ್ಟ್: ಕನೆಕ್ಟೆಡ್ ಎರಡು ಬೇರೆ ಆಟಗಳಲ್ಲ. ಹಲವರು ಕೂಡಿ ಆಡುವ ವಿಭಾಗಗಳನ್ನು ಸೇರಿಸಿದ ಕನೆಕ್ಟೆಡ್ 2020ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ 10ಕ್ಕೆ ಬಂತು. 2021ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4 ಮತ್ತು ಎಪಿಕ್ ಸ್ಟೋರ್‌ನಲ್ಲಿ ಹಳೆಯ ಪ್ರತಿ ಕೊಂಡಿದ್ದವರಿಗೂ ಅದೇ ವಿಭಾಗಗಳು ಉಚಿತವಾಗಿ ಸಿಕ್ಕವು.